ಪಟ್ಟೆಮೀನಿನ ಋಣ

ಬೇಗಂಪೇಟೆಯಲ್ಲಿ ನಮ್ಮ ಮನೆಯಿಂದ ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅಲಂಕಾರದ ಮೀನುಗಳನ್ನು ಮಾರುವ ಒಂದು ಚಿಕ್ಕ ಅಂಗಡಿಯಿದೆ. ಹೊಂಬಣ್ಣದ ಮೀನು, ಗಪ್ಪಿ, ಏಂಜಲ್ ಮೀನುಗಳ ತೊಟ್ಟಿಗಳೆಲ್ಲ ಮುಂದುಗಡೆ, ಬೀದಿಗೆ ಕಾಣುವಂತೆ ಇರುತ್ತವೆ. ಅಗ್ಗದ ಮೀನುಗಳದು ಒಳಗಿನ ಕೆಳಸಾಲು. ಅಲ್ಲೊಂದು ತೊಟ್ಟಿಯಲ್ಲಿ ಕಿರುಬೆರಳಿಗಿಂತ ಚಿಕ್ಕದಾದ, ಮೈಯುದ್ದಕ್ಕೂ ನೀಲಿ ಪಟ್ಟೆ ಎಳೆದ ಮೀನುಗಳು ಕ್ಷಣವೂ ನಿಲ್ಲದೆ ಓಡಾಡುತ್ತಿರುತ್ತವೆ. ಎರಡು ವರ್ಷಗಳ ಕಾಲ ಎಷ್ಟೋ ಸಂಜೆಗಳನ್ನು ನಾವು ಆ ತೊಟ್ಟಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಕಳೆದಿದ್ದೇವೆ. ಜೊತೆಯಲ್ಲಿ ನಮ್ಮ ಅಕ್ಕನ ಮಗ ಇರುತ್ತಿದ್ದ. ಅವನಿಗೆ ಮನೆಯಲ್ಲಿ ಮೀನಿನ ತೊಟ್ಟಿ ಇಡುವ ಆಸೆ. ವೈದ್ಯರು ಬೇಡವೆಂದಿದ್ದರು. ರಕ್ತದಲ್ಲಿ ಬಿಳಿಕಣಗಳು ಕುಗ್ಗಿರುವವನಿಗೆ ತೊಟ್ಟಿಯ ನೀರಿನಿಂದ ಸೋಂಕು ತಗಲಬಹುದು ಎಂಬುದು ಅವರ ಎಚ್ಚರಿಕೆ. ಆದ್ದರಿಂದ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ರಕ್ತಪರೀಕ್ಷೆಯ ಅಂಕಿಗಳು ಚೆನ್ನಾಗಿದ್ದ ದಿನಗಳಲ್ಲಿ ಮಾತ್ರ, ಅಂಗಡಿಯ ಮೀನುಗಳನ್ನೇ ತನ್ನವೆಂದುಕೊಂಡು ನೋಡಿ ಬರುತ್ತಿದ್ದ.

ಅಕ್ಕನದು ಸೇಡಂ. ಸೇಡಂ, ಚಿತ್ತಾಪುರ, ವಾಡಿಯ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆ ದಾರಿಯ ರೈಲು ಸಿಕಂದರಾಬಾದನ್ನು ಮುಟ್ಟುವ ಮೊದಲು ಬೇಗಂಪೇಟೆಯಲ್ಲಿ ನಿಲ್ಲುತ್ತದೆ. ಹೀಗಾಗಿ ನೌಕರಿಯ ನಿಮಿತ್ತ ಇಲ್ಲಿ ನೆಲೆಸಿದ ನಮ್ಮಂಥವರ ಮನೆಗೆ ಊರಿನ ಕಾಯಿಲೆಗಳೆಲ್ಲ ಒಂದಲ್ಲ ಒಂದು ದಿನ ಕಡತ ಹಿಡಿದುಕೊಂಡು ಬಂದು ಇಳಿಯುತ್ತವೆ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳ ಮೊದಲ ವಾರದಲ್ಲಿ ಅಕ್ಕನೂ ಹಾಗೆಯೇ ಬಂದಳು. ಮಗ ಪದವಿಯ ಎರಡನೆಯ ವರ್ಷದಲ್ಲಿದ್ದ. ಕೆಮ್ಮು, ಏದುಸಿರು, ಸಂಜೆಯ ಜ್ವರ, ಕುತ್ತಿಗೆಯಲ್ಲಿ ಗಂಟು. ಊರಿನ ಕಡೆಯ ವೈದ್ಯರೊಬ್ಬರು ಎದೆಯ ಎಕ್ಸ್‌ರೇಯಲ್ಲಿ ನೆರಳು ಕಂಡು ಕ್ಷಯವೆಂದು ತಿಳಿದು ಮೂರು ವಾರ ಮಾತ್ರೆ ಕೊಟ್ಟಿದ್ದರು.

ಅದು ಮೃಗಶಿರಾ ಕೂಡುವ ಕಾಲ. ಏದುಸಿರನ್ನು ಕೇಳಿದ ನೆರೆಯವರು ಸಹಜವಾಗಿ ಮೀನಿನ ಪ್ರಸಾದದ ಮಾತೆತ್ತಿದರು. ಹೈದರಾಬಾದಿನಲ್ಲಿ ಪ್ರತಿವರ್ಷ ಮೃಗಶಿರಾ ಕಾರ್ತೆಯ ದಿನ ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಮನೆತನದವರು ಗೂರಲಿನ ರೋಗಿಗಳಿಗೆ ಜೀವಂತ ಮೀನಿನ ಮರಿಯ ಬಾಯಲ್ಲಿ ಔಷಧವಿಟ್ಟು ನುಂಗಿಸುತ್ತಾರೆ. ಸಾವಿರಾರು ಜನ ರಾತ್ರಿಯಿಂದಲೇ ಸಾಲು ನಿಲ್ಲುತ್ತಾರೆ. ಮಾಂಸ ಮುಟ್ಟದವರಿಗೆ ಬೆಲ್ಲದಲ್ಲಿ ಕೊಡುತ್ತಾರೆಂದು ತಿಳಿದು ಅಕ್ಕ ಹೊರಡಲು ಸಿದ್ಧಳಾಗಿದ್ದಳು. ಆದರೆ ಹಿಂದಿನ ರಾತ್ರಿ ಹುಡುಗನಿಗೆ ಮಲಗಲೂ ಆಗದಷ್ಟು ಉಸಿರು ಕಟ್ಟಿತು. ಆಸ್ಪತ್ರೆಗೆ ಒಯ್ದೆವು. ನಾಲ್ಕು ದಿನಗಳಲ್ಲಿ ತಿಳಿದದ್ದಿಷ್ಟು: ಅದು ಗೂರಲೂ ಅಲ್ಲ, ಕ್ಷಯವೂ ಅಲ್ಲ. ರಕ್ತದ ಕ್ಯಾನ್ಸರು, ಟಿ–ಕೋಶದ ತೀವ್ರ ಲ್ಯುಕೇಮಿಯಾ. ಎದೆಯ ನೆರಳು ಥೈಮಸ್ ಗ್ರಂಥಿಯದು. ಹೃದಯದ ಮುಂಭಾಗದಲ್ಲಿ ಕುಳಿತು, ರೋಗಗಳೊಡನೆ ಹೋರಾಡುವ ಟಿ–ಕೋಶಗಳನ್ನು ಪಳಗಿಸುವ ಗ್ರಂಥಿಯೇ ಕೆಟ್ಟ ಕೋಶಗಳಿಂದ ಊದಿಕೊಂಡು ಶ್ವಾಸನಾಳವನ್ನು ಒತ್ತುತ್ತಿತ್ತು.

ನಾವು ಓದಿದ್ದು ಇಂಗ್ಲಿಷ್ ಸಾಹಿತ್ಯ. ಜೀವವಿಜ್ಞಾನದೊಂದಿಗಿನ ನಮ್ಮ ನಂಟು ಹತ್ತನೆಯ ತರಗತಿಗೇ ಮುಗಿದಿತ್ತು. ಆದರೆ ಆಸ್ಪತ್ರೆಯ ಹೊರಗಿನ ಬೆಂಚು ಮನುಷ್ಯನಿಂದ ಏನನ್ನಾದರೂ ಓದಿಸುತ್ತದೆ. ಆ ಬೆಂಚಿನ ಮೇಲೆ ಕುಳಿತು, ಅಕ್ಕನ ಮಗನಿಗೆ ಬಂದ ರೋಗದ ಹೆಸರನ್ನೇ ಹುಡುಕುತ್ತ ಹೋದಾಗ ನಮ್ಮ ಕಣ್ಣಿಗೆ ಬಿದ್ದದ್ದು ಒಂದು ಮೀನಿನ ಚಿತ್ರ. ಕತ್ತಲೆಯ ಹಿನ್ನೆಲೆಯಲ್ಲಿ ಆ ಮೀನಿನ ಕಿವಿರಿನ ಬಳಿ ಹಸಿರು ಬೆಳಕಿನ ಒಂದು ಚುಕ್ಕೆ. ಪಕ್ಕದ ಚಿತ್ರದಲ್ಲಿ ಆ ಹಸಿರು ಕಣ್ಣಿನ ಹಿಂಬದಿಗೆ ಹಬ್ಬಿದೆ, ಇನ್ನೊಂದರಲ್ಲಿ ಮೈತುಂಬ ಹರಡಿದೆ. ಹಸಿರಾಗಿ ಹೊಳೆಯುತ್ತಿದ್ದುದು ಕ್ಯಾನ್ಸರು, ಟಿ–ಕೋಶದ ಅದೇ ಲ್ಯುಕೇಮಿಯಾ. ಮೀನು ಅಂಗಡಿಯ ಕೆಳಸಾಲಿನ ಅದೇ ಪಟ್ಟೆಮೀನು. ವಿಜ್ಞಾನಿಗಳು ಅದನ್ನು ಜೀಬ್ರಾಮೀನು ಎನ್ನುತ್ತಾರೆ.

ಈ ಮೀನು ಪರದೇಶದ್ದಲ್ಲ, ನಮ್ಮದೇ. ಗಂಗಾ, ಬ್ರಹ್ಮಪುತ್ರಾ ಬಯಲಿನ ತೊರೆಗಳಲ್ಲಿ, ಬತ್ತದ ಗದ್ದೆಗಳ ನಿಂತ ನೀರಿನಲ್ಲಿ ಬದುಕುವಂಥದು. ‘ಡೇನಿಯೊ’ ಎಂಬ ಶಾಸ್ತ್ರೀಯ ನಾಮವೂ ಬಂಗಾಳಿಯ ‘ಧಾನಿ’, ಅಂದರೆ ಗದ್ದೆಯದು, ಎಂಬ ಮಾತಿನಿಂದ ಬಂದದ್ದೆನ್ನುತ್ತಾರೆ. ಅದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನ ಹೆಸರು ಕಂಡಾಗ ನಮಗೆ ಹಳೆಯ ಪರಿಚಿತನೊಬ್ಬ ಎದುರಾದಂತಾಯಿತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ನಮ್ಮ ಊರುಗಳ ಬೆಳೆ, ಕಸುಬು, ಜಾತಿ, ತೆರಿಗೆಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ನನೇ ಆತ. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಗ್ರಂಥ ಪ್ರಕಟಿಸಿದ. ಅದರಲ್ಲಿ ಈ ಪಟ್ಟೆಮೀನಿಗೂ ಒಂದು ಜಾಗ ಸಿಕ್ಕಿತು.

ಆಮೇಲೆ ಒಂದೂವರೆ ಶತಮಾನ ಅದು ಗಾಜಿನ ತೊಟ್ಟಿಗಳ ಅಲಂಕಾರವಾಗಿಯೇ ಹೆಚ್ಚು ಪರಿಚಿತವಾಗಿತ್ತು. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಎಂಬಾತ ವಂಶವಾಹಿಗಳ ಅಧ್ಯಯನಕ್ಕೆ ಅದನ್ನು ಆರಿಸಿಕೊಂಡ. 1981ರಲ್ಲಿ ಆತನ ಪ್ರಬಂಧ ಪ್ರಕಟವಾದ ಮೇಲೆ ಈ ಮೀನಿನ ಜಾತಕವೇ ಬದಲಾಯಿತು. ಕಾರಣ ಸರಳ. ಹೆಣ್ಣುಮೀನು ಒಂದು ಬೆಳಗಿಗೆ ನೂರಾರು ಮೊಟ್ಟೆ ಇಡುತ್ತದೆ. ಅವು ತಾಯಿಯ ಹೊಟ್ಟೆಯ ಹೊರಗೆ, ನೀರಿನಲ್ಲಿಯೇ ಫಲಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಮೊಟ್ಟೆಯೂ ಮರಿಯೂ ಗಾಜಿನಂತೆ ಪಾರದರ್ಶಕ. ಒಂದೇ ದಿನದಲ್ಲಿ ಹೃದಯ ಮಿಡಿಯತೊಡಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕೊಯ್ಯದೆ ಕತ್ತರಿಸದೆ, ಅದು ಮಿಡಿಯುವುದನ್ನು ಕಾಣಬಹುದು. ಮೂರು ತಿಂಗಳಿಗೆ ಮರಿ ತಾನೇ ಮೊಟ್ಟೆಯಿಡುವ ವಯಸ್ಸಿಗೆ ಬರುತ್ತದೆ. 2013ರಲ್ಲಿ ಈ ಮೀನಿನ ಪೂರ್ಣ ಜೀನೋಮು ಪ್ರಕಟವಾದಾಗ, ಮನುಷ್ಯನ ವಂಶವಾಹಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಈ ಮೀನಿನಲ್ಲಿ ಸಾಟಿಯಿದೆ ಎಂದು ತಿಳಿಯಿತು. ರೋಗಗಳಿಗೆ ಸಂಬಂಧಿಸಿದ ವಂಶವಾಹಿಗಳನ್ನಷ್ಟೇ ತೆಗೆದುಕೊಂಡರೆ ಈ ಪ್ರಮಾಣ 82.

ನಾವು ಕಂಡ ಹಸಿರು ಮೀನಿನ ಕಥೆ 2003ರದು. ಬಾಸ್ಟನ್ನಿನ ಡೇನಾ–ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ಡೇವಿಡ್ ಲ್ಯಾಂಜನೌ, ಥಾಮಸ್ ಲುಕ್ ಮತ್ತು ಸಂಗಡಿಗರು ಅದನ್ನು ರೂಪಿಸಿದರು. ಮೊಟ್ಟೆ ಇನ್ನೂ ಒಂದೇ ಕೋಶವಾಗಿರುವ ಆ ಮೊದಲ ಅರ್ಧ ಮುಕ್ಕಾಲು ಗಂಟೆಯಲ್ಲಿ, ಕೂದಲೆಳೆಯಂಥ ಗಾಜಿನ ಸೂಜಿಯಿಂದ ಹೊರಗಿನ ವಂಶವಾಹಿಯನ್ನು ಒಳಗೆ ಸೇರಿಸುತ್ತಾರೆ. ಸೇರಿಸಿದ್ದು ‘ಮಿಕ್’ ಎಂಬ ವಂಶವಾಹಿ. ಇದು ಕೋಶಗಳಿಗೆ ಬೆಳೆಯಿರಿ, ಇಬ್ಭಾಗವಾಗಿರಿ ಎಂದು ಆಜ್ಞೆ ಕೊಡುವಂಥದು. ಅತಿಯಾದರೆ ಕ್ಯಾನ್ಸರಿಗೆ ದಾರಿ ಮಾಡುವಂಥದು. ಎಳೆಯ ಟಿ–ಕೋಶ, ಬಿ–ಕೋಶಗಳಲ್ಲಿ ಮಾತ್ರ ಅದು ಎಚ್ಚರಗೊಳ್ಳುವಂತೆ ಒಂದು ಕೀಲಿಯನ್ನೂ, ಎಚ್ಚರಗೊಂಡ ಕೋಶ ಹಸಿರಾಗಿ ಹೊಳೆಯುವಂತೆ ಜೆಲ್ಲಿ ಮೀನಿನಿಂದ ಬಂದ ಬೆಳಕಿನ ವಂಶವಾಹಿಯನ್ನೂ ಅದಕ್ಕೆ ಜೋಡಿಸಿದ್ದರು. ರೋಗ ಥೈಮಸ್ಸಿನಲ್ಲಿಯೇ ಹುಟ್ಟಿತು. ಮೀನಿಗೆ ಥೈಮಸ್ ಇರುವುದು ಕಿವಿರಿನ ಬಳಿ. ಅಲ್ಲಿಂದ ಅದು ಎತ್ತ ಹೊರಟಿತು, ಯಾವ ದಿನ ಎಲ್ಲಿ ತಲಪಿತು ಎಂಬುದು ಜೀವಂತ ಮೀನಿನ ಮೈಯಲ್ಲಿಯೇ ಕಾಣಿಸಿತು.

ಹುಡುಗನ ಎಕ್ಸ್‌ರೇಯನ್ನು ನಾವು ಎಷ್ಟು ಸಲ ಬೆಳಕಿಗೆ ಹಿಡಿದು ನೋಡಿದ್ದೆವೋ ಲೆಕ್ಕವಿಲ್ಲ. ಅದೇ ಗ್ರಂಥಿ, ಅದೇ ರೋಗ. ಮೀನಿನಲ್ಲಿ ಅದು ಹಸಿರು ಬೆಳಕು, ನಮ್ಮ ಹುಡುಗನಲ್ಲಿ ಮಸುಕು ನೆರಳು. ಆ ನೆರಳನ್ನು ಇನ್ನೊಂದು ರೋಗವೆಂದು ಓದಿಕೊಂಡು ಮೂರು ವಾರ ಕಳೆದುಹೋಗಿದ್ದವು. ಕ್ಯಾನ್ಸರಿನ ಕ್ರೌರ್ಯವಿರುವುದು ಅದರ ಬೆಳವಣಿಗೆಯಲ್ಲಿ ಎಂದುಕೊಂಡಿದ್ದೆವು. ಅದರ ಆರಂಭ ಯಾರ ಕಣ್ಣಿಗೂ ಬೀಳದಿರುವುದರಲ್ಲಿಯೂ ಅಷ್ಟೇ ಕ್ರೌರ್ಯವಿದೆಯೆಂದು ಆಗ ತಿಳಿಯಿತು. ನಾವು ರೋಗವನ್ನು ನೋಡುವಾಗ ಅದಾಗಲೇ ಸಂಸಾರ ಹೂಡಿ ಬಹುದಿನವಾಗಿರುತ್ತದೆ.

ಈ ಮೀನಿನ ಉಪಕಾರವೂ ಅಲ್ಲಿಯೇ ಇದೆ. ಚರ್ಮದ ಕ್ಯಾನ್ಸರಾದ ಮೆಲನೋಮಾದ ಉದಾಹರಣೆ ನೋಡಿ. ಸುಮಾರು ಅರ್ಧದಷ್ಟು ಮೆಲನೋಮಾಗಳಲ್ಲಿ ‘ಬಿರಾಫ್’ ಎಂಬ ವಂಶವಾಹಿ ಕೆಟ್ಟಿರುತ್ತದೆ. ಆದರೆ ಯಾವ ತೊಂದರೆಯನ್ನೂ ಮಾಡದ ಸಾಧಾರಣ ಮಚ್ಚೆಗಳಲ್ಲಿಯೂ ಅದು ಕೆಟ್ಟಿರುತ್ತದೆ. ಹಾಗಾದರೆ ಮಚ್ಚೆ ಕ್ಯಾನ್ಸರಾಗುವುದು ಯಾವಾಗ? ಬಾಸ್ಟನ್ನಿನ ಲೆನಾರ್ಡ್ ಝಾನ್ ಅವರ ಪ್ರಯೋಗಾಲಯದಲ್ಲಿ ಕೆಟ್ಟ ಬಿರಾಫನ್ನು ಮೀನಿಗೆ ಸೇರಿಸಿದಾಗ ಬರಿಯ ಮಚ್ಚೆಗಳೆದ್ದವು. ಕೋಶಗಳ ಕಾವಲುಗಾರನಾದ ‘ಪಿ53’ ವಂಶವಾಹಿಯೂ ಕೆಟ್ಟಿದ್ದ ಮೀನುಗಳಲ್ಲಿ ಮೆಲನೋಮಾ ಬಂದಿತು. ಇದು 2005ರ ಮಾತು. 2016ರಲ್ಲಿ ಅದೇ ಪ್ರಯೋಗಾಲಯದವರು ಇನ್ನೂ ಹಿಂದಕ್ಕೆ ಹೋದರು. ಭ್ರೂಣದ ಎಳೆಯ ಕೋಶಗಳಲ್ಲಿ ಮಾತ್ರ ಕೆಲಸ ಮಾಡಿ, ಆಮೇಲೆ ಮಲಗಿಬಿಡುವ ಒಂದು ವಂಶವಾಹಿಗೆ ಹಸಿರು ಬೆಳಕು ಜೋಡಿಸಿದರು. ಬೆಳೆದ ಮೀನಿನ ಮೈಮೇಲೆ ಒಂದೇ ಒಂದು ಕೋಶ ಹಸಿರಾಯಿತು. ಅದು ತನ್ನ ಶೈಶವಕ್ಕೆ ಮರಳಿದ ಕೋಶ. ಅದೇ ಮುಂದೆ ಗೆಡ್ಡೆಯಾಯಿತು. ಲಕ್ಷಾಂತರ ಕೋಶಗಳ ನಡುವೆ ದಾರಿ ತಪ್ಪಿದ ಮೊದಲನೆಯದನ್ನು ಜೀವಂತ ದೇಹದಲ್ಲಿ ಮನುಷ್ಯ ಕಣ್ಣಾರೆ ಕಂಡನು. ಬೆಳೆದ ಮೀನೂ ಪಾರದರ್ಶಕವಾಗಿಯೇ ಉಳಿಯುವಂತಹ ‘ಕ್ಯಾಸ್ಪರ್’ ಎಂಬ ತಳಿಯನ್ನು 2008ರಲ್ಲಿಯೇ ರೂಪಿಸಿದ್ದರು. ಈಗ ಪಟ್ಟೆಮೀನು ನಮ್ಮ ನಗರಕ್ಕೂ ಅಪರಿಚಿತವಲ್ಲ. ಹಬ್ಸಿಗೂಡದ ಸಿಸಿಎಂಬಿಯಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದ ಡಾ. ರೆಡ್ಡೀಸ್ ಜೀವವಿಜ್ಞಾನ ಸಂಸ್ಥೆಯಲ್ಲಿ ಈ ಮೀನನ್ನು ಸಂಶೋಧನೆಗಾಗಿ ಸಾಕುತ್ತಾರೆ.

ಇದನ್ನೆಲ್ಲ ಒಂದು ಸಂಜೆ ಉತ್ಸಾಹದಿಂದ ಅಕ್ಕನಿಗೆ ವಿವರಿಸಿದೆವು. ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. “ಅಲ್ಲೋ ತಮ್ಮಾ, ಆ ಮೀನು ಏನ್ ಮಾಡಿತ್ತಪಾ ಇವರಿಗಿ? ಅದಕ್ಕ ಬೇಕಂತ ರೋಗ ಹಚ್ಚೂದಾ?” ಎಂದು ಕೇಳಿದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಇಂಥ ಪ್ರಾಣಿಗಳನ್ನು ವಿಜ್ಞಾನದ ಕನ್ನಡದಲ್ಲಿ ‘ಮಾದರಿ ಜೀವಿ’ ಎನ್ನುತ್ತೇವೆ. ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ಮಗ ಎಂಬಲ್ಲಿ ಮಾದರಿಯೆಂದರೆ ಇತರರು ಅನುಸರಿಸಬೇಕಾದದ್ದು. ಈ ಮೀನಿನ ವಿಷಯದಲ್ಲಿ ಆ ಮಾತು ತಲೆಕೆಳಗಾಗಿದೆ. ಅದು ನಮ್ಮನ್ನು ಅನುಸರಿಸಬೇಕು, ನಮ್ಮ ಸಂಕಟವನ್ನು ತನ್ನ ಮೈಯಲ್ಲಿ ಅಭಿನಯಿಸಿ ತೋರಿಸಬೇಕು. ಮಿಕ್ ಹೊತ್ತ ಆ ಮೊದಲ ಮೀನುಗಳಲ್ಲಿ ರೋಗ ಎಷ್ಟು ಬೇಗ ಬಲಿಯುತ್ತಿತ್ತೆಂದರೆ ಸಂತತಿ ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಬೇಕೆಂದಾಗ ಮಾತ್ರ ರೋಗ ಎಚ್ಚರಗೊಳ್ಳುವಂಥ ಏರ್ಪಾಟನ್ನು ಆಮೇಲೆ ಮಾಡಿಕೊಂಡರು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿಯಿದೆ. ಶಸ್ತ್ರಕ್ರಿಯೆಗೆ ಮೊದಲು ನೀರಿನಲ್ಲಿ ಅರಿವಳಿಕೆ ಬೆರೆಸುವ ಪದ್ಧತಿಯಿದೆ. ಇವೆಲ್ಲ ಇರತಕ್ಕವೇ. ಆದರೆ ಅಕ್ಕ ಕೇಳಿದ್ದು ನಿಯಮಗಳ ಪ್ರಶ್ನೆಯನ್ನಲ್ಲ.

ಅವಳ ಎರಡನೆಯ ಪ್ರಶ್ನೆ ಇನ್ನೂ ನೇರವಾಗಿತ್ತು. ಆ ಮೀನಿನಿಂದ ನಮ್ಮ ಹುಡುಗನಿಗೆ ಏನಾದರೂ ಔಷಧ ಸಿಕ್ಕಿತೇ? ಇಲ್ಲವೆಂದೇ ಹೇಳಬೇಕಾಯಿತು. ಮೀನು ಮನುಷ್ಯನಲ್ಲ. ಅದಕ್ಕೆ ಶ್ವಾಸಕೋಶವಿಲ್ಲ, ಸ್ತನವಿಲ್ಲ. ನಮ್ಮ ಮೂಳೆಮಜ್ಜೆಯ ಕೆಲಸವನ್ನು ಅದರಲ್ಲಿ ಮೂತ್ರಪಿಂಡ ಮಾಡುತ್ತದೆ. ಪ್ರಯೋಗಾಲಯದಲ್ಲಿ ಅದು ಬದುಕುವುದು 28 ಡಿಗ್ರಿಯ ನೀರಿನಲ್ಲಿ. ಅಲ್ಲಿ ಕಂಡದ್ದು ಇಲ್ಲಿ ನಿಜವಾಗಲೇಬೇಕೆಂದಿಲ್ಲ. ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಎಂಬ ಹಳೆಯ ಔಷಧ ಮೆಲನೋಮಾವನ್ನು ತಡೆಯಬಲ್ಲುದೆಂದು 2011ರಲ್ಲಿ ಮೀನುಗಳು ತೋರಿಸಿದವು. ಅದು ಇನ್ನೂ ಮೆಲನೋಮಾದ ಒಪ್ಪಿತ ಚಿಕಿತ್ಸೆಯಾಗಿಲ್ಲ. 2014ರಲ್ಲಿ ಸುಮಾರು 4,800 ರಾಸಾಯನಿಕಗಳನ್ನು ಮೀನುಮರಿಗಳ ಮೇಲೆ ಪರೀಕ್ಷಿಸಿ, ಮನೋರೋಗಕ್ಕೆ ಬಳಸುವ ಪರ್ಫೆನಜೀನ್ ಟಿ–ಕೋಶದ ಲ್ಯುಕೇಮಿಯಾದ ಕೋಶಗಳನ್ನು ಕೊಲ್ಲಬಲ್ಲುದೆಂದು ಕಂಡುಕೊಂಡರು. ನಮ್ಮ ಹುಡುಗನ ಔಷಧದ ಚೀಟಿಯಲ್ಲಿ ಅದರ ಹೆಸರಿರಲಿಲ್ಲ.

ಇದ್ದ ಹೆಸರುಗಳು ಯಾವುವು? ವಿನ್‌ಕ್ರಿಸ್ಟೀನ್ ಇತ್ತು. ಅದು ನಮ್ಮ ಅಂಗಳಗಳಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಆಸ್ಪರಾಜಿನೇಸ್ ಇತ್ತು. ಅದರ ಮೂಲವನ್ನು ಹುಡುಕಿದಾಗ ಸಿಕ್ಕಿದ್ದು ಒಂದು ಗಿನಿಹಂದಿ. 1953ರಲ್ಲಿ ಜಾನ್ ಕಿಡ್ ಎಂಬ ಅಮೆರಿಕದ ವಿಜ್ಞಾನಿ, ದುಗ್ಧಗ್ರಂಥಿಯ ಕ್ಯಾನ್ಸರಿದ್ದ ಇಲಿಗಳಿಗೆ ಗಿನಿಹಂದಿಯ ರಕ್ತದ ಸೀರಮ್ಮನ್ನು ಚುಚ್ಚಿದಾಗ ಗೆಡ್ಡೆಗಳು ಕರಗಿದವು. ಬೇರೆ ಪ್ರಾಣಿಗಳ ಸೀರಮ್ಮಿಗೆ ಆ ಗುಣವಿರಲಿಲ್ಲ. ಗಿನಿಹಂದಿಯ ರಕ್ತದಲ್ಲಿರುವ ಒಂದು ಕಿಣ್ವ ಅದಕ್ಕೆ ಕಾರಣವೆಂದು ಎಂಟು ವರ್ಷಗಳ ಮೇಲೆ ಜಾನ್ ಬ್ರೂಮ್ ತೋರಿಸಿದ. ಲ್ಯುಕೇಮಿಯಾದ ಕೋಶಗಳು ತಮಗೆ ಬೇಕಾದಷ್ಟು ಆಸ್ಪರಾಜೀನನ್ನು ತಾವೇ ತಯಾರಿಸಿಕೊಳ್ಳಲಾರವು. ರಕ್ತದಿಂದಲೇ ಪಡೆಯಬೇಕು. ಆ ಕಿಣ್ವ ರಕ್ತದ ಆಸ್ಪರಾಜೀನನ್ನು ಒಡೆದುಹಾಕಿ ಅವನ್ನು ಉಪವಾಸ ಕೆಡವುತ್ತದೆ. ಈಗ ಆ ಕಿಣ್ವವನ್ನು ಬ್ಯಾಕ್ಟೀರಿಯಾಗಳಿಂದ ತೆಗೆಯುತ್ತಾರೆ.

ಇದನ್ನು ಕೇಳಿ ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. “ಹಂಗಾದ್ರ ನಮ್ಮ ಹುಡುಗಗ ಆ ಇಲಿ, ಆ ಗಿನಿಹಂದಿ ಜೀವ ಕೊಟ್ಟಾವ ಅನ್ನು” ಎಂದಳು. ಆ ಮೂಕ ಪ್ರಾಣಿಗಳು ಜೀವ ಕೊಡಲಿಲ್ಲ, ನಾವೇ ತೆಗೆದುಕೊಂಡೆವು ಎಂದು ತಿದ್ದಬಹುದಾಗಿತ್ತು. ತಿದ್ದಲಿಲ್ಲ.

ಚಿಕಿತ್ಸೆಯ ಮೊದಲ ಕಠಿಣ ತಿಂಗಳುಗಳು ಮುಗಿದು ಹುಡುಗ ನಡೆದಾಡುವಂತಾದ ಮೇಲೆ ಒಂದು ಭಾನುವಾರ ಅವನನ್ನು ಹಳೆಯ ವಿಮಾನ ನಿಲ್ದಾಣದ ಬಳಿಯ ರೊನಾಲ್ಡ್ ರಾಸ್ ಕಟ್ಟಡದ ಕಡೆ ಕರೆದೊಯ್ದೆವು. ಬೇಗಂಪೇಟೆಯ ಬಹಳ ಮಂದಿ ಅದರ ಮುಂದೆ ನಿತ್ಯ ಹಾದುಹೋಗುತ್ತಾರೆ, ತಿರುಗಿ ನೋಡುವವರು ಕಡಿಮೆ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದರ ಮೊದಲ ಸಾಕ್ಷ್ಯ ದೊರೆತದ್ದು ಇಲ್ಲಿ, 1897ರ ಆಗಸ್ಟ್ 20ರಂದು. ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ರಾಸ್ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು ಆ ದಿನ. ಆ ರೋಗಿಯ ಹೆಸರು ಹುಸೇನ್ ಖಾನ್. ಸೊಳ್ಳೆಪರದೆಯೊಳಗೆ ಮಲಗಿ, ಸೊಳ್ಳೆಗಳಿಂದ ಕಡಿಸಿಕೊಳ್ಳುವುದು ಅವನ ಪಾಲಿನ ಕೆಲಸ. ಕಡಿದ ಸೊಳ್ಳೆಯೊಂದಕ್ಕೆ ಒಂದಾಣೆ ಕೂಲಿ. ಮರುವರ್ಷ ಕಲ್ಕತ್ತೆಯಲ್ಲಿ ರಾಸ್ ಮನುಷ್ಯರನ್ನು ಬಿಟ್ಟು ಹಕ್ಕಿಗಳ ಮಲೇರಿಯಾವನ್ನು ಕೈಗೆತ್ತಿಕೊಂಡ. ಸೋಂಕಿತ ಸೊಳ್ಳೆಗಳಿಂದ ಆರೋಗ್ಯವಂತ ಗುಬ್ಬಚ್ಚಿಗಳನ್ನು ಕಡಿಸಿ, ರೋಗ ದಾಟುವುದನ್ನು ಪೂರ್ಣವಾಗಿ ಸಿದ್ಧಪಡಿಸಿದ. 1902ರಲ್ಲಿ ನೊಬೆಲ್ ಬಂದಿತು. ಇಂದು ಬಾಸ್ಟನ್ನಿನ ಮೀನು ಮಾಡುವ ಕೆಲಸವನ್ನು ಅಂದು ಕಲ್ಕತ್ತೆಯ ಗುಬ್ಬಚ್ಚಿಗಳು ಮಾಡಿದ್ದವು. ಮನುಷ್ಯನ ರೋಗವನ್ನು ತಿಳಿಯಲು ಮನುಷ್ಯನಲ್ಲದ ದೇಹವೊಂದನ್ನು ಎರವಲು ಪಡೆಯುವ ವಿದ್ಯೆ ನಮ್ಮ ಕೇರಿಗೆ ಹೊಸದಲ್ಲ.

ಹುಡುಗ ಎಲ್ಲವನ್ನೂ ಕೇಳಿ, ಮಾಸ್ಕಿನೊಳಗಿಂದಲೇ ನಕ್ಕು, “ಹುಸೇನ್ ಖಾನಗ ಒಂದಾಣೆ ಕೊಟ್ರು. ಮೀನಿಗಿ ಏನ್ ಕೊಟ್ರು ಮಾಮಾ?” ಎಂದ.

ಆ ಪ್ರಶ್ನೆ ಇಂದಿಗೂ ನಮ್ಮೊಡನಿದೆ. ಮೀನಿಗೆ ನಾವು ಏನನ್ನೂ ಕೊಡಲಾರೆವು. ಅದಕ್ಕೆ ನೋವಿಲ್ಲವೆಂದೋ, ಮನುಷ್ಯನ ಜೀವವೇ ದೊಡ್ಡದೆಂದೋ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಇಂಥ ಪ್ರಯೋಗಗಳೇ ಬೇಡವೆನ್ನುವುದೂ ಸುಲಭವೇ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿಲ್ಲದಿದ್ದರೆ. ಕುಳಿತವರಾದ ನಮಗೆ ಹಾಗೆನ್ನುವ ಬಾಯಿ ಇಲ್ಲ. ಎಪ್ಪತ್ತು ವರ್ಷಗಳ ಹಿಂದಿನ ಗಿನಿಹಂದಿಯ ಋಣದಲ್ಲಿ ನಮ್ಮ ಹುಡುಗ ಉಸಿರಾಡುತ್ತಿದ್ದಾನೆ. ಇಂದಿನ ಹಸಿರು ಮೀನಿನ ಋಣ ಇನ್ನೂ ಹುಟ್ಟದ ಯಾರದೋ ಮನೆಯ ಮಗುವಿನ ಹೆಸರಿಗೆ ಜಮೆಯಾಗುತ್ತಿರಬಹುದು, ಆಗದೆಯೂ ಇರಬಹುದು. ತೀರಿಸಲಾಗದ ಸಾಲವನ್ನು ಕನಿಷ್ಠ ಲೆಕ್ಕದಲ್ಲಾದರೂ ಬರೆದಿಡಬೇಕು. ಹುಸೇನ್ ಖಾನನ ಹೆಸರು ರಾಸ್‌ನ ಬರಹದಿಂದಾಗಿ ಉಳಿದುಕೊಂಡಿತು. ಗುಬ್ಬಚ್ಚಿಗಳಿಗೆ ಹೆಸರಿರಲಿಲ್ಲ, ಮೀನುಗಳಿಗೂ ಇಲ್ಲ.

ಎರಡೂವರೆ ವರ್ಷಗಳ ಚಿಕಿತ್ಸೆ ಮುಗಿದು ಈಗ ಹುಡುಗ ಸೇಡಮಿನಲ್ಲಿದ್ದಾನೆ, ಕಾಲೇಜು ಮತ್ತೆ ಸೇರಿದ್ದಾನೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಾನೆ, ಪ್ರತಿಸಲವೂ ವರದಿ ಕೈಗೆ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡುವುದಿಲ್ಲ. ಕಳೆದ ಸಲ ವೈದ್ಯರು, ಇನ್ನು ಮೀನಿನ ತೊಟ್ಟಿ ಇಟ್ಟುಕೊಳ್ಳಬಹುದು ಎಂದರು. ಅದೇ ಅಂಗಡಿಗೆ ಹೋದೆವು. ಪಟ್ಟೆಮೀನುಗಳು ಒಂಟಿಯಾಗಿ ಬಾಳವು, ಆರಾದರೂ ಇರಬೇಕು ಎಂದು ಅಂಗಡಿಯವ ಹೇಳಿದ. ಆರು ಮೀನುಗಳನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ರಬ್ಬರ್ ಕಟ್ಟಿ ಕೊಟ್ಟ. ಬೇಗಂಪೇಟೆಯ ನಿಲ್ದಾಣದಲ್ಲಿ ರೈಲು ನಿಲ್ಲುವುದು ಎರಡು ನಿಮಿಷ. ಹುಡುಗ ಸಾಮಾನು ಹತ್ತಿಸುವ ಗಡಿಬಿಡಿಯಲ್ಲಿ ಚೀಲವನ್ನು ತಾಯಿಯ ಕೈಗಿತ್ತ. ಜನ್ಮದಲ್ಲಿ ಮೀನು ಮುಟ್ಟದ ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು, ನೀರು ಅಲುಗದಂತೆ ಎರಡೂ ಕೈಗಳಿಂದ ಹಿಡಿದು ಕುಳಿತಳು. ರೈಲು ಹೊರಟಾಗ ನಮ್ಮ ಕಡೆ ಕೈಬೀಸಲೂ ಅವಳಿಗೆ ಬಿಡುವಿರಲಿಲ್ಲ.